“ನಾನು ಬರೀ ಗಾಡಿ ಓಡಿಸಿದ್ದು ಸಾರ್”: ಕಳವಿನಲ್ಲಿ ಜೊತೆಗಿದ್ದವನ ಹೊಣೆ ಎಷ್ಟು?

ಕಳವು ಕೇಸ್‌ಗಳ ಚಾರ್ಜ್‌ಶೀಟ್ ಓದುವಾಗ ಮೂರನೇ ಆರೋಪಿಯ ಜಾಗದಲ್ಲಿ ಆಗಾಗ ಒಬ್ಬ ಹುಡುಗ ಸಿಗುತ್ತಾನೆ. ಅವನು ಬೀಗ ತೆಗೆದಿರುವುದಿಲ್ಲ, ಒಳಗೂ ಹೋಗಿರುವುದಿಲ್ಲ. ಗಾಡಿ ತಂದಿರುತ್ತಾನೆ, ಇಲ್ಲವೇ ಹೊರಗೆ ನಿಂತಿರುತ್ತಾನೆ. “ನಾನೇನೂ ಕದ್ದಿಲ್ವಲ್ಲ” ಎಂದು ಅವನೂ ನಂಬಿರುತ್ತಾನೆ, ಅವನ ಮನೆಯವರೂ ನಂಬಿರುತ್ತಾರೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂದು ನೋಡಲು ಒಂದು ಸಂದರ್ಭವನ್ನು ಪೂರ್ತಿ ಬಿಡಿಸಿ ಬರೆದಿದ್ದೇನೆ. ಇದು ಯಾರದೋ ಒಬ್ಬರ ಫೈಲ್ ಅಲ್ಲ. ಇಂಥ ಕೇಸ್‌ಗಳಲ್ಲಿ ಸಿಗುವ ಸಂಗತಿಗಳನ್ನು ಸೇರಿಸಿ ಕಟ್ಟಿದ್ದು. ಕಾನೂನು ಮಾತ್ರ ಪುಸ್ತಕದಲ್ಲಿ ಇದ್ದಹಾಗೆಯೇ ಇದೆ.

ನಡೆದದ್ದು ಇಷ್ಟು

ಒಂದು ಗೋದಾಮು. ಒಳಗೆ ತಾಮ್ರದ ವೈರಿನ ಸುರುಳಿಗಳು. ಅಲ್ಲಿ ಕೆಲಸಕ್ಕಿರುವ ಒಬ್ಬ ಶಟರ್ ಬೀಗದ ನಕಲಿ ಕೀ ಮಾಡಿಸಿ ತನ್ನ ಸ್ನೇಹಿತನಿಗೆ ಕೊಡುತ್ತಾನೆ. ಸ್ನೇಹಿತ ರಾತ್ರಿ ಹನ್ನೊಂದಕ್ಕೆ ಸರಕು ಆಟೋ ಓಡಿಸುವ ಹುಡುಗನಿಗೆ ಫೋನ್ ಮಾಡುತ್ತಾನೆ. ಹುಡುಗನಿಗೆ 20 ವರ್ಷ, ಹಿಂದೆ ಯಾವ ಕೇಸೂ ಇಲ್ಲ. “ಸ್ವಲ್ಪ ಮಾಲು ಸಾಗಿಸ್ಬೇಕು ಬಾರೋ, ಬಾಡಿಗೆ ಜಾಸ್ತಿ ಕೊಡ್ತೀನಿ” ಎನ್ನುತ್ತಾನೆ. ಹುಡುಗ ಬರುತ್ತಾನೆ.

ಗೋದಾಮಿನ ಹತ್ತಿರ ಬಂದಾಗ ಸ್ನೇಹಿತ ಹೇಳುವುದು ಬೇರೆ: “ಲೈಟ್ ಆಫ್ ಮಾಡು. ತಿರುವಿನಲ್ಲಿ ನಿಲ್ಸು. ಯಾರಾದ್ರೂ ಬಂದ್ರೆ ಮಿಸ್ ಕಾಲ್ ಕೊಡು.” ಹುಡುಗ ಏನೂ ಕೇಳುವುದಿಲ್ಲ. ಕೆಲಸದವ, ಸ್ನೇಹಿತ ಇಬ್ಬರೂ ಕೀ ಹಾಕಿ ಶಟರ್ ಎತ್ತಿ ಒಳಗೆ ಹೋಗುತ್ತಾರೆ. ಸುರುಳಿಗಳು ಹೊರಬರುತ್ತವೆ. ಅವುಗಳ ಮೇಲಿದ್ದ ಕಂಪನಿ ಚೀಟಿಯನ್ನು ಗಾಡಿಯ ಪಕ್ಕದಲ್ಲೇ ಹರಿದು ಬಿಸಾಕುತ್ತಾರೆ. ಹುಡುಗ ಇಳಿದು ಒಂದೆರಡು ಸುರುಳಿ ಎತ್ತಿ ಕೊಡುತ್ತಾನೆ. ಮಾಲು ಒಂದು ಗುಜರಿ ಶೆಡ್ಡಿಗೆ ಹೋಗುತ್ತದೆ. ಗುಜರಿಯವನು ಬಿಲ್ ಕೇಳದೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಇಳಿಸಿಕೊಳ್ಳುತ್ತಾನೆ. ಹುಡುಗನಿಗೆ ಮಾಮೂಲಿ ಬಾಡಿಗೆಯ ಐದು ಪಟ್ಟು ಹಣ, ನಗದಾಗಿ.

ಮಾರನೇ ದಿನ ಗೋದಾಮಿನ ಮಾಲೀಕರು ದೂರು ಕೊಡುತ್ತಾರೆ. ರಸ್ತೆಯ ಕ್ಯಾಮೆರಾದಲ್ಲಿ ಗಾಡಿಯ ನಂಬರ್ ಇದೆ. ಮೂರು ದಿನದಲ್ಲಿ ಪೊಲೀಸರು ಹುಡುಗನ ಮನೆ ಬಾಗಿಲಿಗೆ ಬರುತ್ತಾರೆ. ಕದ್ದವರಿಬ್ಬರೂ ಇನ್ನೂ ಸಿಕ್ಕಿಲ್ಲ. ನಂಬರ್ ಪ್ಲೇಟ್ ಇದ್ದದ್ದು ಇವನ ಹತ್ತಿರ, ಹಾಗಾಗಿ ಮೊದಲು ಸಿಕ್ಕಿದವನು ಇವನೇ.

ಗೊತ್ತಾಗಿದ್ದು ಯಾವಾಗ?

ಇಡೀ ಕೇಸಿನ ಕೀಲು ಈ ಪ್ರಶ್ನೆಯಲ್ಲಿದೆ. ಹುಡುಗ ಏನು ಮಾಡಿದ ಎನ್ನುವುದರಲ್ಲಿ ಹೆಚ್ಚು ಜಗಳವಿಲ್ಲ, ಕ್ಯಾಮೆರಾ ಅದನ್ನು ಹೇಳಿಬಿಡುತ್ತದೆ. ಅವನ ಮನಸ್ಸಿನಲ್ಲಿ ಯಾವ ಗಳಿಗೆಯಲ್ಲಿ ಏನಿತ್ತು ಎನ್ನುವುದರ ಮೇಲೆ ಅವನ ಮೇಲಿನ ಕಲಂ ಬದಲಾಗುತ್ತದೆ, ಅದರ ಜೊತೆ ಶಿಕ್ಷೆಯೂ ಬದಲಾಗುತ್ತದೆ.

ಫೋನ್ ಬಂದಾಗ ಅವನಿಗೆ ಗೊತ್ತಿದ್ದದ್ದು ಬಾಡಿಗೆ ಇದೆ ಎಂದು ಮಾತ್ರ. ರಾತ್ರಿ ಹೊತ್ತು ಮಾಲು ಸಾಗಿಸುವುದು ಅಪರಾಧವಲ್ಲ. ಅಲ್ಲಿಗೇ ಅವನ ತಿಳಿವಳಿಕೆ ನಿಂತಿದ್ದರೆ, ಅವನ ಗಾಡಿಯಲ್ಲೇ ಕಳವು ಮಾಲು ಹೋಗಿದ್ದರೂ ಅವನು ಅಪರಾಧಿಯಲ್ಲ. ಹಳೇ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 45 ದುಷ್ಪ್ರೇರಣೆಗೆ ಮೂರು ದಾರಿ ಹೇಳುತ್ತದೆ. ಮಾಡು ಎಂದು ಹುರಿದುಂಬಿಸುವುದು, ಒಳಸಂಚಿನಲ್ಲಿ ಸೇರುವುದು, ಬೇಕೆಂದೇ ನೆರವಾಗುವುದು. ಮೂರನೆಯದರಲ್ಲಿ “ಬೇಕೆಂದೇ” ಎನ್ನುವ ಷರತ್ತು ಬಹಳ ದೊಡ್ಡದು. ಶ್ರೀರಾಮ್ ಕೇಸಿನಲ್ಲಿ 1975ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಒಬ್ಬ ಸ್ನೇಹದಿಂದ ಯಾರನ್ನೋ ಮನೆಗೆ ಕರೆಯುತ್ತಾನೆ. ಹಾಗೆ ಬಂದದ್ದರಿಂದ ಆ ವ್ಯಕ್ತಿಯನ್ನು ಕೊಲ್ಲುವುದು ಇನ್ಯಾರಿಗೋ ಸುಲಭವಾಯಿತು ಎಂದಿಟ್ಟುಕೊಳ್ಳಿ. ಅಷ್ಟಕ್ಕೇ ಕರೆದವನು ದುಷ್ಪ್ರೇರಕನಾಗುವುದಿಲ್ಲ. ಕೊಲೆಗೆ ಅನುಕೂಲವಾಗಲಿ ಎಂದೇ ಕರೆದಿರಬೇಕು.

ಎರಡನೇ ಗಳಿಗೆ ಗಾಡಿ ತಿರುವಿನಲ್ಲಿ ನಿಂತದ್ದು. ಲೈಟ್ ಆಫ್, ಮಿಸ್ ಕಾಲ್. ಸರಿಯಾದ ಬಾಡಿಗೆಯಲ್ಲಿ ಯಾರೂ ಹೀಗೆ ಹೇಳುವುದಿಲ್ಲ, ಅಲ್ವಾ? ಇಲ್ಲಿಂದ ಅವನು ಕಾವಲುಗಾರ. ಒಳಗೆ ಹೋದವರು ಧೈರ್ಯವಾಗಿ ಕೆಲಸ ಮುಗಿಸಲು ಅವನು ಹೊರಗಿದ್ದದ್ದೇ ಕಾರಣ. ಕಲಂ 3(5) ಹೇಳುವುದು ಇದನ್ನೇ. ಹಲವರು ಸಮಾನ ಉದ್ದೇಶದಿಂದ ಒಂದು ಅಪರಾಧ ಮಾಡಿದರೆ, ಪ್ರತಿಯೊಬ್ಬನೂ ಅದನ್ನು ತಾನೊಬ್ಬನೇ ಮಾಡಿದ್ದರೆ ಎಷ್ಟು ಹೊಣೆಯೋ ಅಷ್ಟೇ ಹೊಣೆ. ಹಳೇ ದಂಡ ಸಂಹಿತೆಯಲ್ಲಿ ಇದೇ ಕಲಂ 34.

ಈ ವಿಚಾರದಲ್ಲಿ ವಕೀಲರು ಇವತ್ತಿಗೂ ಎತ್ತಿ ಹೇಳುವ ಕೇಸ್ ಬರೇಂದ್ರ ಕುಮಾರ್ ಘೋಷ್ ಅವರದು. 1923ರ ಆಗಸ್ಟ್‌ನಲ್ಲಿ ಶಂಕರಿತೊಲಾ ಅಂಚೆ ಕಚೇರಿಗೆ ಹಣ ದೋಚಲು ಕೆಲವರು ನುಗ್ಗಿದರು. ಹಣ ಎಣಿಸುತ್ತಿದ್ದ ಪೋಸ್ಟ್‌ಮಾಸ್ಟರ್ ಗುಂಡೇಟಿಗೆ ಸತ್ತರು. ಸಿಕ್ಕಿಬಿದ್ದವನು, ತಾನು ಹೊರಗೆ ಅಂಗಳದಲ್ಲಿ ಹೆದರಿ ನಿಂತಿದ್ದೆ, ಗುಂಡು ಹಾರಿಸಿದ್ದು ತಾನಲ್ಲ ಎಂದ. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಹೊರಗೆ ನಿಂತು ಕಾದವನ ಪಾಲೂ ಆ ಕೆಲಸದೊಳಗೇ ಇದೆ ಎನ್ನುವುದು ಅದರ ತೀರ್ಮಾನ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಇದೇ ಪ್ರಿವಿ ಕೌನ್ಸಿಲ್ 1945ರಲ್ಲಿ ಮಹಬೂಬ್ ಷಾ ಕೇಸಿನಲ್ಲಿ, ಮೊದಲೇ ಕೂಡಿ ಮಾಡಿಕೊಂಡ ಯೋಜನೆ ಇಲ್ಲದಿದ್ದರೆ ಸಮಾನ ಉದ್ದೇಶ ಎನ್ನಲಾಗದು ಎಂದಿತು. ಯೋಜನೆ ಸ್ಥಳದಲ್ಲೇ, ಕ್ಷಣದಲ್ಲೇ ಹುಟ್ಟಬಹುದು ಎಂದು ಆಮೇಲಿನ ತೀರ್ಪುಗಳು ಹೇಳಿವೆ, ಆದರೆ ಅದು ಇತ್ತು ಎಂದು ತೋರಿಸುವ ಹೊಣೆ ಪ್ರಾಸಿಕ್ಯೂಷನ್‌ನದು. ಸುಮ್ನೆ ಅಲ್ಲಿ ಇದ್ದ ಎನ್ನುವುದು ಸಾಲದು. ನಮ್ಮ ಹುಡುಗನ ವಿಚಾರದಲ್ಲಿ “ಮಿಸ್ ಕಾಲ್ ಕೊಡು” ಎಂಬ ಮಾತಿಗೆ ಅವನು ಒಪ್ಪಿದ್ದು ನಿಜವಾದರೆ, ಯೋಜನೆಯಲ್ಲಿ ಅವನಿಗೂ ಒಂದು ಕೆಲಸ ಸಿಕ್ಕಿತ್ತು ಎಂದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅವನ ವಿರುದ್ಧದ ಅತಿ ಬಲವಾದ ಸಂಗತಿ ಇದೇ. ಜಾಸ್ತಿ ಬಾಡಿಗೆ, ಕತ್ತಲು ಇವಕ್ಕೆಲ್ಲ ಬೇರೆ ವಿವರಣೆ ಕೊಡಬಹುದು. ಇದಕ್ಕೆ ಕೊಡುವುದು ಕಷ್ಟ.

ಮೂರನೇ ಗಳಿಗೆ ಚೀಟಿ ಹರಿದದ್ದು. ಲೈಟ್, ಮಿಸ್ ಕಾಲ್ ಯಾವುದೂ ನಡೆದಿರಲಿಲ್ಲ, ಚೀಟಿ ಹರಿಯುವುದನ್ನು ನೋಡಿದ ಮೇಲಷ್ಟೇ ಅವನಿಗೆ ಹೊಳೆಯಿತು ಎಂದುಕೊಳ್ಳೋಣ. ಆಗ ಕಲಂ ಬೇರೆಯಾಗುತ್ತದೆ. ಕಳವಿನ ವ್ಯಾಖ್ಯಾನದಲ್ಲಿ, ಅಪ್ರಾಮಾಣಿಕ ಉದ್ದೇಶದಿಂದ ವಸ್ತುವನ್ನು ಕದಲಿಸಿದ ಕೂಡಲೇ ಕಳವು ಪೂರ್ತಿ. ದುಷ್ಪ್ರೇರಣೆಯ ನೆರವು ಅಪರಾಧಕ್ಕೆ ಮೊದಲು ಅಥವಾ ಅಪರಾಧ ನಡೆಯುವ ಹೊತ್ತಿಗೆ ಕೊಟ್ಟದ್ದಾಗಿರಬೇಕು. ಆಮೇಲೆ ಗೊತ್ತಾಗಿ, ಗೊತ್ತಿದ್ದೂ ಸಾಗಿಸಿದ್ದರೆ ಕಲಂ 317(5) ಬರುತ್ತದೆ. ಕಳವು ಮಾಲನ್ನು ಬಚ್ಚಿಡಲು, ಮಾರಲು, ದಾಟಿಸಲು ನೆರವಾದ ಅಪರಾಧ ಅದು. ಗರಿಷ್ಠ ಮೂರು ವರ್ಷ.

ಮೂರು ವರ್ಷ ಎಲ್ಲಿ, ಹದಿನಾಲ್ಕು ಎಲ್ಲಿ

ಬರೀ ಕಳವಿಗೆ, ಅಂದರೆ ಕಲಂ 303(2)ಕ್ಕೆ, ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಎರಡನೇ ಸಲ ಶಿಕ್ಷೆಯಾದರೆ ಕಡಿಮೆ ಎಂದರೂ ಒಂದು ವರ್ಷ, ಹೆಚ್ಚೆಂದರೆ ಐದು ವರ್ಷ ಕಠಿಣ ಸಜೆ. ಜುಲೈ 1, 2024ರಿಂದ ಹೊಸ ಸಂಹಿತೆ ಜಾರಿಯಾದ ಮೇಲೆ “5,000 ರೂಪಾಯಿ ಒಳಗಿನ ಕಳವಿಗೆ ಜೈಲಿಲ್ಲವಂತೆ” ಎಂಬ ಮಾತು ಓಡಾಡುತ್ತಿದೆ. ಅದು ಅರ್ಧ ಮಾತ್ರ ನಿಜ. ಮೊದಲ ಸಲದ ಅಪರಾಧವಾಗಿರಬೇಕು, ಬೆಲೆ 5,000ಕ್ಕಿಂತ ಕಡಿಮೆ ಇರಬೇಕು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿರಬೇಕು. ಆಗ ಸಮುದಾಯ ಸೇವೆ. ಅದೂ ಕಲಂ 303ರ ಕಳವಿಗೆ ಮಾತ್ರ.

ನಮ್ಮ ಸಂದರ್ಭ ಅಷ್ಟು ಸರಳವಲ್ಲ. ಮಾಲು ಇಡುವ ಕಟ್ಟಡದೊಳಗಿನ ಕಳವು ಕಲಂ 305ಕ್ಕೆ ಬರುತ್ತದೆ, ಏಳು ವರ್ಷದವರೆಗೆ. ಕೆಲಸದವನೇ ಮಾಲೀಕನ ಮಾಲು ಕದ್ದರೆ ಕಲಂ 306, ಅದಕ್ಕೂ ಏಳು ವರ್ಷ. ಪೊಲೀಸರು ರಾತ್ರಿ ಕನ್ನ ಕಳವು ಎನ್ನುತ್ತಾರಲ್ಲ, ಅದು ಕಲಂ 331(4). ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಕಳವಿಗೆಂದು ಮನೆ ಅಥವಾ ಕಟ್ಟಡ ಭೇದಿಸಿದರೆ ಹದಿನಾಲ್ಕು ವರ್ಷದವರೆಗೆ. “ಕೀ ಹಾಕಿ ತೆಗೆದ್ರು, ಮುರೀಲಿಲ್ವಲ್ಲ” ಎನ್ನುವವರಿದ್ದಾರೆ. ಕದಿಯಲೆಂದು ಅತಿಕ್ರಮವಾಗಿ ಒಳಹೋಗಲು ಬೀಗ ತೆಗೆದರೆ ಸಾಕು, ಕೀ ಬಳಸಿದರೂ ಅದು ಭೇದನೆಯೇ.

ಕಲಂ 3(5) ಅಂಟಿಕೊಂಡರೆ ತಿರುವಿನಲ್ಲಿ ಕೂತಿದ್ದ ಹುಡುಗನೂ ಈ ಹದಿನಾಲ್ಕು ವರ್ಷದ ಕಲಂ ಅಡಿ ಬರುತ್ತಾನೆ. ಚೀಟಿ ನೋಡಿದ ಮೇಲಷ್ಟೇ ಗೊತ್ತಾಯಿತು ಎಂದು ಕೋರ್ಟ್ ನಂಬಿದರೆ ಮೂರು ವರ್ಷದ ಕಲಂ. ಫೋನ್ ಬಂದಾಗಿನ ತಿಳಿವಳಿಕೆಯೇ ಕೊನೆಯವರೆಗೂ ಇತ್ತು ಎಂದಾದರೆ ಬಿಡುಗಡೆ. ಗಾಡಿ ಅದೇ, ದಾರಿ ಅದೇ, ಹುಡುಗನೂ ಅದೇ.

ಅವನು ನಿಜಕ್ಕೂ ಎಷ್ಟು ದೊಡ್ಡ ಅಪಾಯದ ಅಂಚಿನಲ್ಲಿದ್ದ ಎನ್ನುವುದು ಇನ್ನೂ ಎರಡು ಕಲಂ ನೋಡಿದರೆ ಗೊತ್ತಾಗುತ್ತದೆ. ಒಳಗೆ ಕಾವಲಿನವರು ಎದ್ದು, ಕದಿಯುವವರಲ್ಲಿ ಒಬ್ಬ ಅವರಿಗೆ ತೀವ್ರ ಗಾಯ ಮಾಡಿದ್ದರೆ ಕಲಂ 331(8) ಬರುತ್ತಿತ್ತು. ರಾತ್ರಿ ಭೇದನೆಯಲ್ಲಿ ಕೂಡಿದ್ದ ಪ್ರತಿಯೊಬ್ಬನಿಗೂ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಸಜೆ. ಇನ್ನೊಂದು, ಒಟ್ಟು ಐದು ಜನರಿದ್ದು ಬಲಪ್ರಯೋಗ ನಡೆದಿದ್ದರೆ ಅದು ಡಕಾಯಿತಿ. ಸ್ಥಳದಲ್ಲಿದ್ದು ನೆರವಾಗುವವರನ್ನೂ ಆ ಐದರ ಲೆಕ್ಕಕ್ಕೆ ಸೇರಿಸುತ್ತಾರೆ. ಒಳಗೆ ನಾಲ್ಕು ಜನ, ಹೊರಗೆ ಗಾಡಿಯಲ್ಲಿ ಒಬ್ಬ. ಲೆಕ್ಕ ತುಂಬಿತು.

ಗುಜರಿಯವನ ಮೇಲೆ ಕಲಂ 317(2), ಕಳವು ಮಾಲು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ತೆಗೆದುಕೊಂಡದ್ದು. ಬಿಲ್ ಇಲ್ಲ, ಅರ್ಧಕ್ಕಿಂತ ಕಡಿಮೆ ಬೆಲೆ, ನಡುರಾತ್ರಿ. ನಂಬಲು ಕಾರಣ ಇತ್ತು ಎನ್ನಲು ಇವೇ ಸಾಕಾಗಬಹುದು. ಅದೇ ಅವನ ರೂಢಿ ಎಂದು ಸಾಬೀತಾದರೆ ಕಲಂ 317(4), ಜೀವಾವಧಿಯವರೆಗೂ ಹೋಗುತ್ತದೆ.

ಕಾಗದದ ಮೇಲಿನ ಅಂಕಿ ನೋಡಿ ಮನೆಯವರು ಕುಸಿದುಬಿಡುತ್ತಾರೆ. ಅವರಿಗೆ ಒಂದು ವಿಷಯ ಹೇಳಬೇಕು. ಮೊದಲ ದರ್ಜೆ ಮ್ಯಾಜಿಸ್ಟ್ರೇಟರು ಕೊಡಬಹುದಾದ ಸಜೆ ಮೂರು ವರ್ಷದವರೆಗೆ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರದು ಏಳು ವರ್ಷದವರೆಗೆ. ಕಲಂನಲ್ಲಿ ಹದಿನಾಲ್ಕು ವರ್ಷದವರೆಗೆ ಎಂದಿದ್ದ ಮಾತ್ರಕ್ಕೆ ಅಷ್ಟೂ ವರ್ಷ ಬೀಳುತ್ತದೆ ಎಂದಲ್ಲ.

“ಎಲ್ಲಾ ಹೇಳ್ಬಿಟ್ಟಿದ್ದಾನಂತೆ”

ಠಾಣೆಯಲ್ಲಿ ಹುಡುಗ ಹೇಳಿದ್ದು: “ಲೈಟ್ ಆಫ್ ಮಾಡು ಅಂದಾಗ ಡೌಟ್ ಬಂತು ಸಾರ್. ಆದ್ರೆ ಕೇಳೋಕೆ ಹೋಗ್ಲಿಲ್ಲ.” ಇದು “ಸ್ವಇಚ್ಛಾ ಹೇಳಿಕೆ” ಎಂಬ ತಲೆಬರಹದಡಿ ಫೈಲಿಗೆ ಸೇರುತ್ತದೆ. ಮನೆಯವರು ಕೇಸ್ ಮುಗಿದೇಹೋಯಿತು ಎಂದುಕೊಳ್ಳುತ್ತಾರೆ.

ಮುಗಿದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23ರ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ. ಅದರಿಂದ ಹೊಸದಾಗಿ ಏನಾದರೂ ಸಿಕ್ಕಿದ್ದರೆ, ಆ ಸಿಕ್ಕಿದ್ದಕ್ಕೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ನಿಲ್ಲುತ್ತದೆ. ಹುಡುಗ ಶೆಡ್ ತೋರಿಸಿದ, ಪಂಚರ ಮುಂದೆ ಮಹಜರು ನಡೆದು ಸುರುಳಿ ಸಿಕ್ಕಿತು ಎಂದುಕೊಳ್ಳಿ. ಮಾಲು ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತು ಎನ್ನುವುದು ಕೋರ್ಟಿಗೆ ಬರುತ್ತದೆ. “ಡೌಟ್ ಬಂತು” ಎನ್ನುವುದು ಬರುವುದಿಲ್ಲ. ಅದನ್ನೇ ಅವನು ಮ್ಯಾಜಿಸ್ಟ್ರೇಟರ ಮುಂದೆ, ಅವರು ಎಚ್ಚರಿಕೆ ಕೊಟ್ಟ ಮೇಲೂ ಸ್ವಇಚ್ಛೆಯಿಂದ ಹೇಳಿದರೆ ಕಥೆ ಬೇರೆ. ಹಾಗಾಗಿ ವಕೀಲರನ್ನು ಕಾಣದೆ ಅಂಥ ಹೇಳಿಕೆಗೆ ಮುಂದಾಗಬಾರದು.

ಅಷ್ಟರಲ್ಲಿ ಸ್ನೇಹಿತ ಸಿಕ್ಕಿಬೀಳುತ್ತಾನೆ. “ಎಲ್ಲಾ ಪ್ಲಾನ್ ಡ್ರೈವರ್‌ದೇ” ಎನ್ನುತ್ತಾನೆ. ಒಬ್ಬ ಪಾಲುದಾರ ಇನ್ನೊಬ್ಬನ ಮೇಲೆ ಹೊರಿಸುವುದು ಹಳೇ ಚಾಳಿ, ಕಾನೂನಿಗೂ ಅದು ಗೊತ್ತು. ಮುಖ್ಯ ವಿವರಗಳಿಗೆ ಬೇರೆ ಪುಷ್ಟಿ ಇಲ್ಲದಿದ್ದರೆ ಸಹಅಪರಾಧಿಯ ಮಾತು ನಂಬಿಕೆಗೆ ಅರ್ಹವಲ್ಲ ಎಂದು ಕೋರ್ಟ್ ಭಾವಿಸಬಹುದು. ಸಾಕ್ಷ್ಯ ಅಧಿನಿಯಮದ ಕಲಂ 119ರ ಉದಾಹರಣೆಯಲ್ಲೇ ಇದಿದೆ. ಅದೇ ಅಧಿನಿಯಮದ ಕಲಂ 138 ಕೂಡ ಪುಷ್ಟೀಕರಿಸಿದ ಸಾಕ್ಷ್ಯದ ಮೇಲಿನ ಶಿಕ್ಷೆಯ ಬಗ್ಗೆಯೇ ಹೇಳುತ್ತದೆ. ಪುಷ್ಟಿ ಎಲ್ಲಿಂದ ಬರಬಹುದು? ಫೋನ್ ಕರೆಗಳ ವಿವರ, ಕ್ಯಾಮೆರಾ ದೃಶ್ಯ, ಹುಡುಗನ ಹತ್ತಿರ ಸಿಕ್ಕ ಹಣ. ಇವು ಅವನು ಅಲ್ಲಿದ್ದ ಎಂದು ಹೇಳುತ್ತವೆ. ಅವನಿಗೆ ಮೊದಲೇ ಗೊತ್ತಿತ್ತು ಎಂದು ಹೇಳುತ್ತವೆಯೇ? ವಾದ ನಡೆಯಬೇಕಾದದ್ದು ಇಲ್ಲಿ.

ಮಾಫಿ ಸಾಕ್ಷಿಯಾಗುವ, ಅಂದರೆ ಕ್ಷಮೆ ಪಡೆದು ಉಳಿದವರ ವಿರುದ್ಧ ಸಾಕ್ಷಿ ಹೇಳುವ ದಾರಿಯೂ ಇದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದ್ದರಿಂದ ಕೋರ್ಟ್ ಹುಡುಗನಿಗೆ ಕ್ಷಮಾದಾನ ಕೊಡಬಹುದು. ಗೊತ್ತಿದ್ದದ್ದನ್ನೆಲ್ಲ ಮುಚ್ಚಿಡದೆ ಹೇಳಬೇಕು ಎನ್ನುವುದು ಷರತ್ತು. ಬಚ್ಚಿಟ್ಟರೆ ಕ್ಷಮೆ ಹೋಗಿ ವಿಚಾರಣೆ ಎದುರಿಸಬೇಕು. ಅಷ್ಟರಲ್ಲಿ ಜಾಮೀನು ಸಿಕ್ಕಿರದಿದ್ದರೆ ಕೇಸ್ ಮುಗಿಯುವವರೆಗೆ ಒಳಗೇ ಇರಬೇಕಾಗುತ್ತದೆ. ಹುಡುಗನ ಪಾತ್ರ ಇಷ್ಟು ಚಿಕ್ಕದಿರುವಾಗ ನಾನಾದರೆ ಇದನ್ನು ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ.

ಮನೆಯವರ ಕಡೆಯಿಂದ

ಪೊಲೀಸರು ಬಂದ ದಿನ ಅಮ್ಮ ಮಗನನ್ನು ಭಾವನ ಮನೆಗೆ ಕಳಿಸಿ, ಕೈಗೆ ಹಣ ಕೊಟ್ಟು, “ಸ್ವಲ್ಪ ದಿನ ಅಲ್ಲೇ ಇರು” ಎನ್ನುತ್ತಾರೆ. ತಾಯಿಕರುಳು, ಬೇರೇನು ಮಾಡಲು ಸಾಧ್ಯ ಎನಿಸುತ್ತದೆ. ಆದರೆ ಅಪರಾಧಿಯನ್ನು ಶಿಕ್ಷೆಯಿಂದ ತಪ್ಪಿಸಲು ಅಡಗಿಸುವುದೂ ಅಪರಾಧ, ನ್ಯಾಯ ಸಂಹಿತೆಯ ಕಲಂ 249. ಅದರಲ್ಲಿ ವಿನಾಯಿತಿ ಗಂಡನಿಗೆ ಅಥವಾ ಹೆಂಡತಿಗೆ ಮಾತ್ರ. ತಾಯಿಗೆ ಇಲ್ಲ, ಭಾವನಿಗೂ ಇಲ್ಲ. ಅದಕ್ಕಿಂತ ದೊಡ್ಡ ನಷ್ಟ ಜಾಮೀನಿನಲ್ಲಿ. ತಲೆಮರೆಸಿಕೊಂಡಿದ್ದ ಎಂಬ ಒಂದು ಸಾಲು ಸಾಕು, ಸರ್ಕಾರಿ ವಕೀಲರು ಅದನ್ನೇ ಹಿಡಿದು ವಿರೋಧಿಸುತ್ತಾರೆ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಸುಮ್ನೆ ಬಂಧಿಸುವಂತಿಲ್ಲ, ಬಂಧನ ಯಾಕೆ ಬೇಕು ಎಂದು ಕಾರಣ ಬರೆಯಬೇಕು ಎಂದು ಅರ್ನೇಶ್ ಕುಮಾರ್ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಂಧನ ಬೇಡವಾದಲ್ಲಿ ಹಾಜರಾಗಲು ನೋಟಿಸ್ ಕೊಡಬೇಕು. ಎಫ್‌ಐಆರ್‌ನಲ್ಲಿ ಕಲಂ 331(4) ಸೇರಿದರೆ ಈ ರಕ್ಷಣೆ ಸಡಿಲವಾಗುತ್ತದೆ. ಆದ್ದರಿಂದ ಮೊದಲು ಎಫ್‌ಐಆರ್ ಪ್ರತಿ ತರಿಸಿ ಯಾವ ಕಲಂ ಹಾಕಿದ್ದಾರೆ ನೋಡಬೇಕು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಕೇಳಬಹುದು. ಬಂಧನದಲ್ಲಿರುವವರಿಗೆ ಅದು ಹಕ್ಕು.

“ಮಾಲೀಕರ ಕಾಲು ಹಿಡಿದು ರಾಜಿ ಮಾಡ್ಕೊಳ್ಳೋಣ” ಎನ್ನುವ ಸಲಹೆಯೂ ಬರುತ್ತದೆ. ಬರೀ ಕಲಂ 303 ಇದ್ದರೆ ಮಾಲೀಕರು ರಾಜಿ ಆಗಬಹುದು. ರಾತ್ರಿ ಭೇದನೆ ರಾಜಿಯಾಗುವ ಪಟ್ಟಿಯಲ್ಲಿಲ್ಲ. ಮಾಲು ವಾಪಸ್ ಸಿಕ್ಕಿದ್ದು ಶಿಕ್ಷೆಯ ಪ್ರಮಾಣ ತಗ್ಗಿಸಲು ನೆರವಾಗುತ್ತದೆ. ಕೇಸನ್ನು ಅಳಿಸುವುದಿಲ್ಲ.

ಗಾಡಿಯ ಚಿಂತೆ ಬೇರೆ. ಅದು ಸಾಲದ ಗಾಡಿ, ಠಾಣೆಯ ಆವರಣದಲ್ಲಿ ತುಕ್ಕು ಹಿಡಿಯುತ್ತಿದೆ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ಬಹಳ ಕಾಲ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ, ಬಾಂಡ್ ಬರೆಸಿಕೊಂಡು ಬಿಡಬೇಕು ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಬೇಕು. ತಾನಾಗಿ ಯಾರೂ ಕೊಡುವುದಿಲ್ಲ.

ಶಿಕ್ಷೆಯ ದಿನ

ಕೋರ್ಟ್ ಹುಡುಗನನ್ನು ತಪ್ಪಿತಸ್ಥ ಎಂದಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಬಾಗಿಲು ತೆರೆದಿದೆ. ಬಹಳ ಕೇಸ್‌ಗಳಲ್ಲಿ ಅದನ್ನು ಯಾರೂ ತಟ್ಟುವುದೇ ಇಲ್ಲ ಎನ್ನುವುದು ನನಗೆ ನೋವಿನ ಸಂಗತಿ. 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, ಅಂದರೆ ಪ್ರೊಬೇಷನ್ ಕಾಯ್ದೆ. ಅದರ ಕಲಂ 6ರ ಪ್ರಕಾರ 21 ವರ್ಷದೊಳಗಿನವರನ್ನು, ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ನೇರವಾಗಿ ಜೈಲಿಗೆ ಕಳಿಸುವಂತಿಲ್ಲ. ಪರಿವೀಕ್ಷಣಾಧಿಕಾರಿಯ ವರದಿ ತರಿಸಿ, ಸನ್ನಡತೆಯ ಮೇಲೆ ಬಿಡುವುದು ಯಾಕೆ ಸರಿಯಲ್ಲ ಎಂದು ಕಾರಣ ಬರೆದ ಮೇಲೆಯೇ ಜೈಲು. 21 ದಾಟಿದವರಿಗೂ ಕಲಂ 4ರ ಅಡಿ ಸನ್ನಡತೆಯ ಬಾಂಡ್ ಮೇಲೆ ಬಿಡುಗಡೆ ಕೇಳಬಹುದು.

ಕೇಳುವುದಕ್ಕೆ ಬರೀ “ಬಡವ ಸ್ವಾಮಿ” ಎಂದರೆ ಸಾಲದು. ಹಿಂದೆ ಕೇಸಿಲ್ಲ ಎನ್ನುವುದಕ್ಕೆ ದಾಖಲೆ, ಚಾಲನಾ ಪರವಾನಗಿ, ಸಾಲದ ಕಂತಿನ ಪುಸ್ತಕ, ಮನೆಯಲ್ಲಿ ಯಾರು ಯಾರು ಅವನ ದುಡಿಮೆ ನಂಬಿದ್ದಾರೆ ಎನ್ನುವ ವಿವರ, ಜಾಮೀನಿನ ಷರತ್ತು ಮುರಿಯದೆ ಪ್ರತಿ ತಾರೀಖಿಗೂ ಬಂದ ದಾಖಲೆ, ಇವನ್ನೆಲ್ಲ ಕೋರ್ಟಿನ ಮುಂದಿಡಬೇಕು. ಈ ಕಾಯ್ದೆಯ ಕಲಂ 12 ಕೂಡ ಮುಖ್ಯ. ಹೀಗೆ ಬಿಡುಗಡೆಯಾದವನಿಗೆ, ಶಿಕ್ಷೆಯಾದದ್ದರಿಂದ ಕಾನೂನಿನಡಿ ಬರುವ ಅನರ್ಹತೆ ತಟ್ಟುವುದಿಲ್ಲ. ಆದರೆ ಕೆಲಸದ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದರೆ ಮುಚ್ಚಿಡಬಾರದು. ಮುಚ್ಚಿಟ್ಟದ್ದೇ ಕೆಲಸ ಕಳೆದುಕೊಳ್ಳಲು ಬೇರೊಂದು ಕಾರಣವಾಗಬಹುದು. ಆದೇಶದ ದೃಢೀಕೃತ ಪ್ರತಿಯನ್ನು ಅವತ್ತೇ ಅರ್ಜಿ ಹಾಕಿ ಪಡೆದು, ಅದರಲ್ಲಿ ಕಲಂ 12ರ ಉಲ್ಲೇಖ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸೇರಿಸಲು ಕೋರಬೇಕು.